ಹಿತ್ತಲ ಕಟ್ಟೆಗೊಂದು ರಿಸೀವರು

ಶ್ರಾವಣ ಮಾಸ ಬಂದಿತೆಂದರೆ ರಾಮನಗರದ ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ನಡೆದು ಬಂದ ಪದ್ಧತಿಯೊಂದಿದೆ. ಸಂಜೆಯ ಲಿಂಗಪೂಜೆ ಮುಗಿದ ಮೇಲೆ ಮನೆಮಂದಿಯೆಲ್ಲ ಹಿತ್ತಲಿನ ಬಿಲ್ವದ ಮರದ ಕಟ್ಟೆಯಲ್ಲಿ ಕುಳಿತು ಒಂದಷ್ಟು ಹೊತ್ತು ವಚನಗಳನ್ನು ಕೇಳುವುದೇ ಆ ಪದ್ಧತಿ. ಮನೆಯಲ್ಲಿ ಹಾಡಬಲ್ಲವರಿದ್ದಾಗ ಹಾಡಿಸಿ ಕೇಳುತ್ತಿದ್ದೆವು. ಈಗ ಹಾಡುವವರೆಲ್ಲ ಉದ್ಯೋಗದ ನಿಮಿತ್ತ ಊರು ಬಿಟ್ಟಿದ್ದಾರೆ. ಆದುದರಿಂದ ಮಲ್ಲಿಕಾರ್ಜುನ ಮನ್ಸೂರರ, ಬಸವರಾಜ ರಾಜಗುರುಗಳ, ಸಿದ್ಧರಾಮ ಜಂಬಲದಿನ್ನಿಯವರ ಕಂಠವನ್ನು ಯಂತ್ರದ ಮೂಲಕವೇ ಕಟ್ಟೆಗೆ ಕರೆಸಿಕೊಳ್ಳಬೇಕಾಗಿದೆ. ಆ ಯಂತ್ರವನ್ನು ಆರಿಸುವಲ್ಲಿ ನಾವು ಮೊದಲು ಎಡವಿದ್ದನ್ನೂ ಅನಂತರ ತಿದ್ದಿಕೊಂಡದ್ದನ್ನೂ ಈ ಲೇಖನದಲ್ಲಿ ಬರೆಯುತ್ತಿದ್ದೇವೆ. ಶರಣ ಬಂಧುಗಳ ಮನೆಗಳಲ್ಲಿಯೂ ಅಂಗಳವಿದೆ, ಹಿತ್ತಲಿದೆ, ವಯಸ್ಸಾದವರಿದ್ದಾರೆ. ನಮ್ಮಂತೆ ಹಣ ಕಳೆದುಕೊಳ್ಳುವವರು ಒಬ್ಬರಾದರೂ ಕಡಿಮೆಯಾಗಲಿ ಎಂಬುದು ನಮ್ಮ ಆಶಯ.

ಇದೆಲ್ಲಕ್ಕೆ ಕಾರಣ ನಮ್ಮ ಅಕ್ಕನವರು. ಭಾವನವರು ಲಿಂಗೈಕ್ಯರಾದ ಮೇಲೆ ಅವರು ಮಾಗಡಿಯಿಂದ ನಮ್ಮಲ್ಲಿಗೆ ಬಂದಿದ್ದಾರೆ. ವಯಸ್ಸು ಎಪ್ಪತ್ತೊಂಬತ್ತು. ಮಂಡಿನೋವಿನಿಂದ ಮಠದ ಮೆಟ್ಟಿಲು ಹತ್ತಲಾರರು. ಶ್ರಾವಣದ ಪ್ರವಚನಕ್ಕೆ ಹೋಗದೆ ಮೂರು ವರ್ಷಗಳಾದುವು. ಅವರಿಗೆ ಈಗ ಹಿತ್ತಲ ಕಟ್ಟೆಯೇ ಮಠ. ಜೊತೆಗೆ ಕಿವಿಯೂ ಮಂದವಾಗಿದೆ. ಕಿವಿಯ ಯಂತ್ರ ಇದೆಯಾದರೂ ಬಯಲಿನಲ್ಲಿ ಗಾಳಿ ಬೀಸಿದರೆ ಅದು ಭೋರೆನ್ನುತ್ತದೆಂದು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ. ಆದಕಾರಣ ಹಿಂದಿನ ಚಿಕ್ಕ ಕ್ಯಾಸೆಟ್ ಯಂತ್ರದ ಧ್ವನಿ ಅವರಿಗೆ ಸಾಲದಾಯಿತು. ದೊಡ್ಡದೊಂದು ಸೆಟ್ಟನ್ನೇ ತರೋಣವೆಂದು ನಾವು ನಿಶ್ಚಯಿಸಿದೆವು.

ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಆಗಮಗಳನ್ನೂ ಓದಿದ ನಮಗೆ ವ್ಯಾಟು, ಓಮುಗಳ ಪರಿಚಯ ಎಲ್ಲಿಂದ ಬರಬೇಕು? ಬೆಂಗಳೂರಿಗೆ ಹೋಗಿದ್ದಾಗ ಅಂಗಡಿಯೊಂದರಲ್ಲಿ ಪೆಟ್ಟಿಗೆಯ ಮೇಲೆ ಕೆಂಪಕ್ಷರದಲ್ಲಿ 3000 ವ್ಯಾಟ್ ಎಂದು ಬರೆದಿದ್ದ ಸೆಟ್ಟನ್ನು ತೋರಿಸಿದರು. ಸಂಖ್ಯೆ ದೊಡ್ಡದು, ಬೆಲೆ ಚಿಕ್ಕದು. ನಾವು ಎರಡನೆಯ ಮಾತಿಲ್ಲದೆ ಕೊಂಡೆವು. ಆ ಸಂಖ್ಯೆಯ ಪಕ್ಕದಲ್ಲಿ ಪಿ.ಎಂ.ಪಿ.ಒ. ಎಂಬ ನಾಲ್ಕು ಸಣ್ಣ ಅಕ್ಷರಗಳಿದ್ದುವು. ಕ್ಷಣದ ಒಂದು ಅಂಶದಲ್ಲಿ ಯಂತ್ರ ಹೇಗೋ ಒದರಬಹುದಾದ ಗರಿಷ್ಠ ಬಲವನ್ನು ಲೆಕ್ಕ ಹಾಕಿ ಬರೆಯುವ ಸಂಖ್ಯೆ ಅದು. ಅದಕ್ಕೆ ಸರ್ವಮಾನ್ಯವಾದ ಅಳತೆಯೇ ಇಲ್ಲ. ಬರೆಯುವವನ ಧೈರ್ಯವೇ ಅದರ ಪ್ರಮಾಣ. ನಾವು ನೋಡಬೇಕಾದದ್ದು ಆರ್.ಎಂ.ಎಸ್. ಎಂದು ಬರೆದಿರುವ ವ್ಯಾಟನ್ನು, ಅಂದರೆ ಯಂತ್ರವು ನಿರಂತರವಾಗಿ ಕೊಡಬಲ್ಲ ಬಲವನ್ನು. ನಮ್ಮ ಮೂರು ಸಾವಿರದ ವೀರನ ಬೆನ್ನ ಹಿಂದೆ ಹುಡುಕಿದಾಗ ಆ ಲೆಕ್ಕದಲ್ಲಿ ಒಂದೊಂದು ಬದಿಗೆ 15 ವ್ಯಾಟ್ ಇತ್ತು. ಹದಿನೈದು ವ್ಯಾಟೇ ನಮಗೆ ಬೇಕಾದುದಕ್ಕಿಂತ ಹೆಚ್ಚೆಂಬುದು ಆಗ ತಿಳಿದಿರಲಿಲ್ಲ.

ಸೆಟ್ಟಿನ ಎರಡು ಪೆಟ್ಟಿಗೆಗಳನ್ನು ಮನೆಯ ಹಿಂಗೋಡೆಗೆ ಎತ್ತರದಲ್ಲಿ ನಿಲ್ಲಿಸಿ, ಶ್ರಾವಣದ ಮೊದಲ ಸೋಮವಾರ ಗುಂಡಿಯನ್ನು ಧಾರಾಳವಾಗಿ ತಿರುಗಿಸಿದೆವು. ಪೆಟ್ಟಿಗೆಗಳಿಂದ ಕಟ್ಟೆಗೆ ಎಂಟು ಮೀಟರು. ಪಕ್ಕದ ಮನೆಯ ಗೋಡೆಗೆ ಮೂರೇ ಮೀಟರು. ಗೋಡೆಯಾಚೆ ಇರುವವರು ರೇಷ್ಮೆ ಬಿಚ್ಚಾಣಿಕೆಯ ಕುಟುಂಬದವರು. ಗೂಡು ಬೇಯಿಸುವ ನೀರು ಕಾಯಿಸಲು ಅವರ ಮನೆಯಲ್ಲಿ ಬೆಳಗಿನ ಜಾವವೇ ಒಲೆ ಹೊತ್ತುತ್ತದೆ. ಆದುದರಿಂದ ರಾತ್ರಿ ಬೇಗ ಮಲಗುತ್ತಾರೆ. ಮರುದಿನ ಆ ಮನೆಯ ಯಜಮಾನರು ಬಾಗಿಲಲ್ಲಿ ಕಂಡರು. "ಅಯ್ನೋರೆ, ನಿನ್ನೆ ರಾತ್ರಿ ಮನೇಲಿ ಏನಾದ್ರೂ ವಿಶೇಷ ಇತ್ತಾ?" ಎಂದು ಮಾತ್ರ ಕೇಳಿದರು. ಬೈದಿದ್ದರೆ ಉತ್ತರ ಕೊಡಬಹುದಾಗಿತ್ತು. ಅವರ ಮನೆಯಲ್ಲಿ ಮೂರು ವಾರದ ಬಾಣಂತಿಯಿದ್ದುದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಮರೆತಿದ್ದೆವು.

ಇಷ್ಟಾದರೂ ಅಕ್ಕನಿಗೆ ಕೇಳಿಸಿತೆ ಎಂದರೆ ಅದೂ ಇಲ್ಲ. "ತಮ್ಮಯ್ಯ, ಸದ್ದು ಬೇಕಾದಷ್ಟು ಬರ್ತದೆ. ಮಾತೇ ಬರಲ್ಲ. ಅದೇನು, ತಾಯ ತಾಯ ಅಂತಾರಲ್ಲ, ಯಾರ ತಾಯಿ?" ಎಂದರು. ಹಾಡಿದವರು ಹೇಳಿದ್ದು ಕಾಯ ಎಂದು. ಎಂಟು ಶತಮಾನಗಳಿಂದ ಉಳಿಸಿಕೊಂಡು ಬಂದ ಮಾತು ನಮ್ಮ ಹಿತ್ತಲಿನ ಎಂಟು ಮೀಟರು ದಾಟುವಷ್ಟರಲ್ಲಿ ಕೆಟ್ಟಿತಲ್ಲಾ ಎಂದು ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಕಿವಿಯ ವೈದ್ಯರನ್ನು ಕೇಳಿದಾಗ ಅವರು ತಿಳಿಸಿದ ವಿಷಯ ವ್ಯಾಕರಣ ಓದಿದ ನಮಗೇ ಹೊಸದಾಗಿತ್ತು. ಮುಪ್ಪಿನಲ್ಲಿ ಕಿವಿ ಎಲ್ಲ ಧ್ವನಿಗಳನ್ನೂ ಒಂದೇ ಸಮನಾಗಿ ಕಳೆದುಕೊಳ್ಳುವುದಿಲ್ಲ; ಮೊದಲು ಹೋಗುವುದು ತಾರಸ್ಥಾಯಿಯ ಸೂಕ್ಷ್ಮ ಧ್ವನಿಗಳು. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಸ್ಥಾಯಿಯಲ್ಲಿರುವುದರಿಂದ ಅ, ಆ, ಓ ಎಂಬಿವು ಚೆನ್ನಾಗಿ ಕೇಳುತ್ತವೆ. ಆದರೆ ಕ, ತ, ಪ ಇವುಗಳನ್ನು ಒಂದರಿಂದ ಒಂದನ್ನು ಬೇರೆ ಮಾಡುವ ಗುರುತು, ಹಾಗೆಯೇ ಸ, ಶ, ಷಗಳ ಉಸಿರು, ಇವೆಲ್ಲ ಮೇಲಿನ ಸ್ಥಾಯಿಯ ಕ್ಷೀಣ ಧ್ವನಿಗಳು. ಅವೇ ಮಾಯವಾದರೆ ಕಾಯವು ತಾಯವಾಗುತ್ತದೆ. ಗುಂಡಿ ತಿರುಗಿಸಿ ಸದ್ದನ್ನು ಹೆಚ್ಚಿಸಿದರೆ ಕೇಳುತ್ತಿದ್ದ ಸ್ವರಗಳೇ ಇನ್ನಷ್ಟು ಅಬ್ಬರಿಸಿ ಕೇಳದ ವ್ಯಂಜನಗಳನ್ನು ಮುಚ್ಚಿಬಿಡುತ್ತವೆ. ಅದರಲ್ಲಿಯೂ ನಾವು ತಂದ ಸೆಟ್ಟು ಧಂ ಧಂ ಎನ್ನುವ ಮಂದ್ರಕ್ಕೇ ಹೆಸರಾದದ್ದು! ನಮಗೆ ಬೇಕಾದುದು ಬಲವಲ್ಲ, ಸ್ಪಷ್ಟತೆ ಎಂಬುದು ಆಗ ಅರಿವಾಯಿತು.

ನಮ್ಮ ಸೋದರಳಿಯ, ಅಕ್ಕನ ಕಿರಿಯ ಮಗ, ವಿದ್ಯುತ್ತಿನ ಕೆಲಸ ಬಲ್ಲವನು. ಭಾನುವಾರ ಬಂದು ಟೇಪು ಹಿಡಿದು ಹಿತ್ತಲನ್ನೆಲ್ಲ ಅಳೆದು, "ಮಾವ, ನೀವು ಪೆಟ್ಟಿಗೆ ಇಟ್ಟ ಜಾಗವೇ ತಪ್ಪು" ಎಂದ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗಾದರೆ ಗೋಡೆ, ತಾರಸಿಗಳು ಧ್ವನಿಯನ್ನು ಹಿಂದಿರುಗಿಸುತ್ತವೆ. ಹಿತ್ತಲಲ್ಲಿ ಆಕಾಶಕ್ಕೆ ಹೋದದ್ದು ಹೋಯಿತು. ಅಕ್ಕನ ಕಿವಿಗೆ 70 ಡೆಸಿಬೆಲ್ ಮುಟ್ಟಿಸಬೇಕೆಂದು ಎಂಟು ಮೀಟರಿನಾಚೆಯಿಂದ ಕೂಗಿಸಿದರೆ, ಮೂರೇ ಮೀಟರಿನಲ್ಲಿರುವ ನೆರೆಯವರ ಗೋಡೆಗೆ ಬೀಳುವುದು ಸುಮಾರು 78. ನಾವು ಮಾಡಿದ್ದು ಇದನ್ನೇ: ಕೇಳಬೇಕಾದವರಿಗಿಂತ ಕೇಳಬಾರದವರಿಗೆ ಹೆಚ್ಚು ಕೇಳಿಸಿದೆವು.

ಅದೇ ಪೆಟ್ಟಿಗೆಯನ್ನು ಕಟ್ಟೆಯ ಪಕ್ಕದಲ್ಲಿಯೇ, ಅಕ್ಕನಿಂದ ಎರಡು ಮೀಟರಿನಲ್ಲಿ, ನೆರೆಗೋಡೆಯಿಂದ ಹತ್ತು ಮೀಟರು ದೂರದಲ್ಲಿಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ. ಅಕ್ಕನಿಗೆ ಅದೇ 70. ಗೋಡೆಗೆ ಸುಮಾರು 56. ಇಷ್ಟಕ್ಕೆ ಎಷ್ಟು ವ್ಯಾಟ್ ಬೇಕು? ಒಳ್ಳೆಯ ಪೆಟ್ಟಿಗೆಯ ವಿವರಪತ್ರದಲ್ಲಿ, ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರಿನಲ್ಲಿ ಎಷ್ಟು ಡೆಸಿಬೆಲ್ ಎಂದು ಬರೆದಿರುತ್ತದೆ. ಅದು 88 ಎಂದಿಟ್ಟುಕೊಂಡರೆ ಎರಡು ಮೀಟರಿನಲ್ಲಿ 82. ನಮಗೆ ಬೇಕಾದುದು 70. ಹನ್ನೆರಡು ಡೆಸಿಬೆಲ್ ಕಡಿಮೆಯೆಂದರೆ ಬಲದಲ್ಲಿ ಹದಿನಾರನೆಯ ಒಂದು ಪಾಲು. ಅಂದರೆ ಒಂದು ವ್ಯಾಟಿನ ಹದಿನಾರನೆಯ ಒಂದು ಭಾಗ ಸಾಕು! ಹಾಡಿನಲ್ಲಿ ಇದ್ದಕ್ಕಿದ್ದಂತೆ ಏರುವ ಸ್ವರಗಳಿಗೆಂದು ಹತ್ತು ಇಪ್ಪತ್ತು ಪಟ್ಟು ಮೀಸಲಿಟ್ಟರೂ ಎರಡು ವ್ಯಾಟ್ ದಾಟುವುದಿಲ್ಲ. ಮೂರು ಸಾವಿರಕ್ಕೆ ಮರುಳಾದ ನಾವು ಈ ಲೆಕ್ಕವನ್ನು ಎರಡು ಸಲ ಮಾಡಿ ನೋಡಿದೆವು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಆರಂಭಿಸಿದ್ದು 30 ವ್ಯಾಟಿನ ಪುಟ್ಟ ಪ್ರೇಷಕದಿಂದ. ಪ್ರೇಷಕದ ವ್ಯಾಟು ಬೇರೆ, ಪೆಟ್ಟಿಗೆಯ ವ್ಯಾಟು ಬೇರೆ, ಒಪ್ಪತಕ್ಕದ್ದೇ. ಆದರೂ ಆ ಮೂವತ್ತರ ಮುಂದೆ ನಮ್ಮ ಹಿತ್ತಲಿನ ಮೂರು ಸಾವಿರವನ್ನು ನೆನೆದರೆ ನಾಚಿಕೆಯಾಗುತ್ತದೆ.

ಈ ತತ್ತ್ವವನ್ನು ನಾವು ಕಣ್ಣಾರೆ ಕಂಡಿದ್ದೆವು, ಆದರೆ ಗಮನಿಸಿರಲಿಲ್ಲ. ಮಾಗಡಿಯಲ್ಲಿ ಬಂಧುಗಳ ಮದುವೆಯೊಂದರಲ್ಲಿ ತೆಂಗಿನ ಮರಕ್ಕೆ ಕಟ್ಟಿದ್ದ ಒಂದೇ ಹಾರ್ನಿನ ಅಡಿಯಲ್ಲಿ ಕುಳಿತವರು ಕಿವಿ ಮುಚ್ಚಿಕೊಂಡಿದ್ದರು, ಚಪ್ಪರದ ಕೊನೆಯಲ್ಲಿದ್ದವರು ಏನೆಂದರು ಏನೆಂದರು ಎಂದು ಕೇಳುತ್ತಿದ್ದರು. ಕನಕಪುರದ ಕಡೆಯ ಮಠವೊಂದರ ದಾಸೋಹ ಮಂಟಪದಲ್ಲಾದರೋ ಕಂಬಕ್ಕೊಂದರಂತೆ ಸಣ್ಣ ಸಣ್ಣ ಪೆಟ್ಟಿಗೆಗಳು; ಪ್ರಸಾದಕ್ಕೆ ಕುಳಿತ ಎಲ್ಲರಿಗೂ ಮಾತಾಡುವವರು ಪಕ್ಕದಲ್ಲಿಯೇ ಇದ್ದಂತೆ ಕೇಳುತ್ತದೆ, ಮಂಟಪದ ಹೊರಗೆ ನಿಂತರೆ ಗುಸುಗುಸು ಮಾತ್ರ. ಹಾರ್ನು ಊರಿನ ಜಾತ್ರೆಗೆ ಸರಿ. ಮಾತಿನ ಸ್ಥಾಯಿಯನ್ನು ಅದು ದೂರ ಒಯ್ಯುತ್ತದೆ. ಆದರೆ ತಂಬೂರಿಯ ಮಂದ್ರವನ್ನು ತಿಂದುಹಾಕುತ್ತದೆ, ಅರ್ಧ ಗಂಟೆಯಲ್ಲಿ ತಲೆ ನೋಯಿಸುತ್ತದೆ. ಮನೆಯ ಹಿತ್ತಲಿಗೆ ಅದು ಬೇಡವೇ ಬೇಡ.

ಹೀಗೆ ಎರಡನೆಯ ಸಲ ಯಂತ್ರ ಕೊಳ್ಳಲು ಹೊರಟೆವು. ರೇಡಿಯೋ ಹಿಡಿಯುವ ಭಾಗವೂ ಧ್ವನಿ ಹೆಚ್ಚಿಸುವ ಭಾಗವೂ ಒಂದೇ ಪೆಟ್ಟಿಗೆಯಲ್ಲಿ ಸೇರಿದ್ದರೆ ಅದಕ್ಕೆ ಸ್ಟೀರಿಯೋ ರಿಸೀವರ್ ಎನ್ನುತ್ತಾರೆ. ಹೊರಾಂಗಣದ ರಿಸೀವರ್ ಎಂಬುದೊಂದು ಇದೆಯೇ ಎಂದು ನಾವು ಅಳಿಯನನ್ನು ಕೇಳಿದೆವು. ಅವನು ನಕ್ಕು, ಹೊರಗಿರಬೇಕಾದದ್ದು ಸ್ಪೀಕರುಗಳು ಮಾತ್ರ; ರಿಸೀವರ್ ಯಾವಾಗಲೂ ಕೋಣೆಯೊಳಗೆ ಒಣಗಿದ ಜಾಗದಲ್ಲಿ, ಗಾಳಿಯಾಡುವಂತೆ ಇರಬೇಕು ಎಂದ. ಹೀಗೆ ತಿಳಿದೊಡನೆ ಅರ್ಧ ಖರ್ಚು ಇಳಿಯಿತು. ಮಳೆಗೆ ಅಂಜದ ದುಬಾರಿ ಯಂತ್ರ ಹುಡುಕುವ ಅಗತ್ಯವೇ ಉಳಿಯಲಿಲ್ಲ.

ಅಂಗಡಿಯಲ್ಲಿ ನಾವು ಈ ಸಲ ಮುಂಭಾಗದ ಬಣ್ಣದ ದೀಪಗಳನ್ನು ನೋಡದೆ ಹಿಂಭಾಗವನ್ನೇ ತಿರುಗಿಸಿ ಓದಿದೆವು. ಅಂಗಡಿಯ ಹುಡುಗನಿಗೆ ಬೇಸರವಾಗಿರಬೇಕು. ಒಂದೊಂದು ಬದಿಗೆ ಆರ್.ಎಂ.ಎಸ್. 20ರಿಂದ 30 ವ್ಯಾಟ್ ಇದ್ದರೆ ಧಾರಾಳ. ಮಂದ್ರಕ್ಕೂ ತಾರಕ್ಕೂ ಬೇರೆ ಬೇರೆ ಗುಂಡಿಗಳಿರಲೇಬೇಕು. ಅಕ್ಕನಿಗಾಗಿ ಮಂದ್ರವನ್ನು ತಗ್ಗಿಸಿ ತಾರವನ್ನು ಸ್ವಲ್ಪ ಏರಿಸಬೇಕಲ್ಲ. ಇನ್ನು ಓಮಿನ ಮಾತು. ಸ್ಪೀಕರುಗಳು ಸಾಮಾನ್ಯವಾಗಿ 8 ಓಮಿನವು. ಒಂದೇ ಬದಿಗೆ ಅಂಥ ಎರಡನ್ನು ಜೊತೆಯಾಗಿ ಸೇರಿಸಿದರೆ ಅದು 4 ಓಮಾಗುತ್ತದೆ. ಯಂತ್ರದ ಬೆನ್ನ ಮೇಲೆ 8ಕ್ಕಿಂತ ಕಡಿಮೆ ಕೂಡದೆಂದು ಬರೆದಿದ್ದರೆ ಹಾಗೆ ಸೇರಿಸಿದ ಯಂತ್ರ ಕಾದು ಕೆಡುತ್ತದೆ. ನಾಲ್ಕು ಸ್ಪೀಕರು ಹಾಕೋಣವೆಂಬ ಆಸೆ ನಮಗಿತ್ತು. ಈ ಬರಹ ಓದಿ ಎರಡಕ್ಕೆ ತೃಪ್ತರಾದೆವು. ಎಫ್.ಎಂ., ಬ್ಲೂಟೂತ್, ಪೆನ್‌ಡ್ರೈವಿನ ಕಿಂಡಿ ಮೂರೂ ಇದ್ದ ಸಾಧಾರಣ ಯಂತ್ರವೊಂದು ಐದೂವರೆ ಸಾವಿರ ರೂಪಾಯಿಗೆ ದೊರೆಯಿತು. ಮೊದಲನೆಯದಕ್ಕೆ ಇದಕ್ಕಿಂತ ಹೆಚ್ಚು ಕೊಟ್ಟಿದ್ದೆವು ಎಂಬುದನ್ನು ಮನೆಯಲ್ಲಿ ಇಂದಿಗೂ ಹೇಳಿಲ್ಲ. ಇದನ್ನು ಓದಿದರೆ ತಿಳಿಯುತ್ತದೆ.

ಸ್ಪೀಕರುಗಳ ವಿಷಯದಲ್ಲಿ ಅಳಿಯನಿಗೊಂದು ಕಲ್ಪನೆ ಬಂದಿತ್ತು. ಚನ್ನಪಟ್ಟಣ ಇಲ್ಲಿಯೇ ಹತ್ತಿರ, ಬೊಂಬೆ ಮಾಡುವವರ ಕೈಯಲ್ಲಿ ಆಲೆಮರದ ಗೂಡು ಮಾಡಿಸಿ ಅರಗಿನ ಬಣ್ಣ ಹಾಕಿಸಿದರೆ ಕಟ್ಟೆಗೆ ಶೋಭೆಯಲ್ಲವೆ ಎಂದು. ನಮಗೂ ರುಚಿಸಿತು. ಅಲ್ಲಿನ ಹಿರಿಯ ಕುಶಲಕರ್ಮಿಯೊಬ್ಬರು ನಮ್ಮ ಮಾತನ್ನು ಕೇಳಿ, ತಿರುಗುತ್ತಿದ್ದ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಲೇ ತಲೆಯಾಡಿಸಿದರು. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯಂತಾಗುತ್ತದೆ. ಆದರೆ ನೀರು ನಿಂತರೆ ಬೆಳ್ಳಗೆ ಬೂದಿ ಹಿಡಿದಂತಾಗುತ್ತದೆ. "ಇದು ಒಳಗಡೆ ಇರೋ ವಸ್ತು ಸ್ವಾಮಿ, ಮಳೆಗೆ ಕೊಡಬೇಡಿ" ಎಂದರು. ತಮಗೆ ಬರಬಹುದಾಗಿದ್ದ ಕೆಲಸವನ್ನು ತಾವೇ ಬೇಡವೆಂದ ಅವರ ಪ್ರಾಮಾಣಿಕತೆಯನ್ನು ನೋಡಿ ಮೊಮ್ಮಕ್ಕಳಿಗೆಂದು ಒಂದಿಷ್ಟು ಬೊಂಬೆಗಳನ್ನು ಕೊಂಡು ಬಂದೆವು. ಕೊನೆಗೆ ಗೋಡೆಗೆ ಹಾಕುವ ಪ್ಲಾಸ್ಟಿಕ್ ಕವಚದ ಹೊರಾಂಗಣದ ಜೋಡಿಯನ್ನೇ ಆರಿಸಿದೆವು. ಅದರ ಮೇಲೆ ಐ.ಪಿ. 65 ಎಂದಿತ್ತು. ಮೊದಲ ಅಂಕಿ 6 ಎಂದರೆ ಧೂಳು ಒಳಹೋಗದು, ಎರಡನೆಯ ಅಂಕಿ 5 ಎಂದರೆ ನೀರು ಚಿಮ್ಮಿದರೂ ತಡೆಯುತ್ತದೆ. ನಮ್ಮ ಸೀಮೆಯ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಗಾಳಿಯೊಡನೆ ಓರೆಯಾಗಿ ಬಡಿಯುತ್ತದೆ. ಆದುದರಿಂದ ಮುಖವನ್ನು ತುಸು ಕೆಳಕ್ಕೆ ಬಾಗಿಸಿ, ಅಕ್ಕನ ಕಡೆಗೆ ತಿರುಗಿಸಿ, ಕಟ್ಟೆಯ ಎರಡು ಕಲ್ಲುಕಂಬಗಳಿಗೆ ನಿಲ್ಲಿಸಿದೆವು. ಜೋಡಿಗೆ ಆರು ಸಾವಿರ ರೂಪಾಯಿಯಾಯಿತು.

ತಂತಿಯಲ್ಲಿ ಉಳಿತಾಯ ಮಾಡಲು ಹೋಗಬಾರದು. ಕೋಣೆಯಿಂದ ಕಟ್ಟೆಗೆ ಸುತ್ತಿ ಹೋದರೆ ಇಪ್ಪತ್ತು ಮೀಟರು. ಹೋಗಿ ಬರುವ ಎರಡು ಎಳೆ ಸೇರಿ ನಲವತ್ತು. ಅರ್ಧ ಚದರ ಮಿಲಿಮೀಟರಿನ ತೆಳು ತಂತಿ ಹಾಕಿದರೆ ತಂತಿಯೇ ಒಂದೂವರೆ ಓಮಿನಷ್ಟು ತಡೆಯುತ್ತದೆ, ಎಂಟು ಓಮಿನ ಸ್ಪೀಕರಿಗೆ ಹೋಗಬೇಕಾದ ಬಲದಲ್ಲಿ ಆರನೆಯ ಒಂದು ಪಾಲಿನಷ್ಟು ದಾರಿಯಲ್ಲೇ ಕರಗುತ್ತದೆ. ಮನೆಯ ವೈರಿಂಗಿಗೆ ಬಳಸುವ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ತಡೆ ಅರ್ಧ ಓಮಿಗೆ ಇಳಿಯುತ್ತದೆ. ದೀಪದ ವಿದ್ಯುತ್ ತಂತಿ ಹೋಗುವ ಪೈಪಿನಲ್ಲಿಯೇ ಇದನ್ನೂ ತುರುಕಬಾರದು. ಬೇರೆ ಪೈಪೇ ಬೇಕು.

ಸ್ಟೀರಿಯೋ ಎಂಬ ಹೆಸರಿನ ಬಗ್ಗೆ ಒಂದು ಮಾತು. ಎಡದ ಸ್ಪೀಕರಿನಲ್ಲಿ ತಬಲಾ, ಬಲದಲ್ಲಿ ಹಾರ್ಮೋನಿಯಂ ಎಂದು ಹಂಚಿ ಕೇಳಿಸುವ ಸೊಗಸು, ಎರಡರ ನಡುವೆ ಅಲುಗಾಡದೆ ಕುಳಿತವನಿಗೆ ಮಾತ್ರ. ಕಟ್ಟೆಯಲ್ಲಿ ನಮ್ಮವರು ಕುಳಿತುಕೊಳ್ಳುವ ರೀತಿ ಬೇರೆ. ಒಬ್ಬರು ಹೂ ಕಟ್ಟುತ್ತಾರೆ, ಒಬ್ಬರು ಮಗುವಿನ ಹಿಂದೆ ಓಡುತ್ತಾರೆ. ಅಕ್ಕ ಎಡಗಡೆಯ ಕಂಬಕ್ಕೆ ಒರಗಿದರೆ ಬಲಗಡೆಯದು ಅವರ ಪಾಲಿಗೆ ಇಲ್ಲ. ಆದುದರಿಂದ ಎರಡು ಸ್ಪೀಕರಿಗೂ ಒಂದೇ ಧ್ವನಿ ಬರುವಂತೆ ಮೋನೋ ಮಾಡಿಕೊಂಡೆವು. ನಮ್ಮ ಯಂತ್ರದಲ್ಲಿ ಆ ಗುಂಡಿ ಇರಲಿಲ್ಲ. ಮೊಬೈಲಿನಲ್ಲಿಯೇ, ಕಿವಿ ಕಣ್ಣು ಮಂದವಿರುವವರಿಗೆಂದು ಇಟ್ಟಿರುವ ಸೌಲಭ್ಯಗಳ ಪಟ್ಟಿಯಲ್ಲಿ ಅದು ಸಿಕ್ಕಿತು. ಹಳೆಯ ಧ್ವನಿಮುದ್ರಿಕೆಗಳಂತೂ ಬಹುಪಾಲು ಮೋನೋ ಆಗಿಯೇ ಹುಟ್ಟಿದವು, ಅವುಗಳಿಗೆ ನಷ್ಟವೇನೂ ಇಲ್ಲ. ರೇಡಿಯೋದ ಮಾತಿಗೆ ಬಂದರೆ, ಬೆಂಗಳೂರಿನ 101.3ರ ಕಾಮನಬಿಲ್ಲು ನಮ್ಮಲ್ಲಿಗೆ ಸುಮಾರು ಐವತ್ತು ಕಿಲೋಮೀಟರು ದಾಟಿ ಬರಬೇಕು, ನಡುವೆ ಈ ಹೆಬ್ಬಂಡೆಗಳ ಬೆಟ್ಟಗಳು ಬೇರೆ. ಒಂದೂವರೆ ಮೀಟರಿನ ತಂತಿಯನ್ನು ಟಿ ಆಕಾರದಲ್ಲಿ ಕಿಟಕಿಗೆ ಕಟ್ಟಿದ ಮೇಲೆ ಸುಸ್ ಎಂಬ ಸದ್ದು ತಗ್ಗಿತು. ಸಿಡಿಲಿನ ದಿನ ಯಂತ್ರದ ಪ್ಲಗ್ಗನ್ನು ಕಿತ್ತುಬಿಡುತ್ತೇವೆ.

ಕಾನೂನನ್ನೂ ಓದಿ ನೋಡಿದೆವು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಖಾಸಗಿ ಜಾಗದ ಧ್ವನಿವ್ಯವಸ್ಥೆಯ ಸದ್ದು ಆ ಜಾಗದ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಕೂಡದೆಂದು 2010ರಲ್ಲಿ ಸೇರಿಸಿದ್ದಾರೆ. ನಮ್ಮ 56 ಆ ಲೆಕ್ಕದಲ್ಲಿ ಪಾರು, ಮೊದಲಿನ 78 ಅಪರಾಧ. ಆದರೆ ಕಾನೂನು ಹತ್ತು ಗಂಟೆ ಎಂದರೂ ಗೋಡೆಯಾಚೆಯ ಒಲೆಗಾಗಿ ನಾವು ಎಂಟೂವರೆಗೇ ನಿಲ್ಲಿಸುತ್ತೇವೆ.

ಹೊಸ ವ್ಯವಸ್ಥೆಯಲ್ಲಿ ಮೊದಲ ಸಂಜೆ ಮನ್ಸೂರರನ್ನು ಕೇಳಿಸಿದೆವು. ಅಕ್ಕ ಕಣ್ಣು ಮುಚ್ಚಿ ಕೇಳಿದರು. ಧ್ವನಿ ತಿಳಿಯಾಗಿದೆ, ನೋವಾಗುವುದಿಲ್ಲ ಎಂದರು; ಮಾತು ಮಾತ್ರ ಅರ್ಧಂಬರ್ಧ ಸಿಕ್ಕಿತು ಎಂದರು. ನಮಗೆ ನಿರಾಶೆಯಾಯಿತು. ಆಮೇಲೆ ಯೋಚಿಸಿದರೆ ಕಾರಣ ಯಂತ್ರವಲ್ಲ. ದೊಡ್ಡ ಗಾಯಕರು ಒಂದು ಸ್ವರಾಕ್ಷರವನ್ನು ಹಿಡಿದು ರಾಗವನ್ನು ಬೆಳೆಸುತ್ತಾರೆ. ವ್ಯಂಜನ ಬರುವುದು ಎಷ್ಟೋ ಹೊತ್ತಿಗೊಮ್ಮೆ, ಅದೂ ಕ್ಷಣಮಾತ್ರ. ಅಂಗಡಿಯಲ್ಲಿ ಕೊಳ್ಳಬಹುದಾದ ಯಾವ ಗುಂಡಿಯೂ ಅದನ್ನು ಸರಿಮಾಡದು. ಪರಿಹಾರವನ್ನು ಅಕ್ಕನೇ ಹೇಳಿದರು. "ಮೊದಲು ನೀನು ಒಂದು ಸಲ ಓದ್ಬಿಡು ತಮ್ಮಯ್ಯ, ನನ್ನ ಮುಖ ನೋಡಿಕೊಂಡು. ಆಮೇಲೆ ಅವರು ಹಾಡಲಿ. ಗೊತ್ತಿರೋ ಮಾತಾದ್ರೆ ನಾನೇ ಹಿಡ್ಕೋತೀನಿ."

ಅಂದಿನಿಂದ ಹಾಗೆಯೇ ನಡೆದಿದೆ. ಯಂತ್ರವನ್ನು ನಿಲ್ಲಿಸಿ, ಅಕ್ಕನ ಎದುರು ಕುಳಿತು ವಚನವನ್ನು ನಿಧಾನವಾಗಿ ಒಮ್ಮೆ ಓದುತ್ತೇವೆ. ಅವರು ನಮ್ಮ ತುಟಿಗಳನ್ನು ನೋಡುತ್ತಾರೆ. ಅನಂತರ ಹಾಡು. ಕಾಯ ಎಂಬ ಮಾತು ಬಂದಾಗ ಅವರು ಬೆರಳೆತ್ತಿ ನಮಗೆ ತೋರಿಸುತ್ತಾರೆ. ಪಕ್ಕದ ಮನೆಯ ಯಜಮಾನರನ್ನು ಮೊನ್ನೆ ನಾವೇ ಹೋಗಿ ವಿಚಾರಿಸಿದೆವು. ಕಿಟಕಿ ತೆರೆದಿದ್ದರೆ ಸಣ್ಣಗೆ ಕೇಳುತ್ತದೆ, ಮಗು ಏಳುವುದಿಲ್ಲ ಎಂದರು.

ಮೂರು ಸಾವಿರ ವ್ಯಾಟಿನ ಸೆಟ್ಟು ಅಟ್ಟದ ಮೇಲಿದೆ. ಕೇಳಿದವರಿಗೆಲ್ಲ ಕೊಡುವುದಿಲ್ಲವೆನ್ನುತ್ತಿದ್ದೇವೆ, ಇನ್ನೊಂದು ಬೀದಿಯ ನಿದ್ರೆ ಕೆಡುವುದು ಬೇಡವೆಂದು. ಕಟ್ಟೆಯ ಬಳಿ ನೆಲದ ಮೇಲೆ ಹಾದುಹೋಗಿರುವ ತಂತಿಯನ್ನು ಹೆಗ್ಗಣವೊಂದು ಆಗಲೇ ಒಮ್ಮೆ ಕಚ್ಚಿ ನೋಡಿದೆ. ಮಳೆ ನಿಂತ ಮೇಲೆ ಅಳಿಯ ಬಂದು ಪೈಪು ಹೂಳಿಕೊಡುವುದಾಗಿ ಹೇಳಿದ್ದಾನೆ.